ದುಡಿಯುವುದಕ್ಕೋ, ಇಡುವುದಕ್ಕೋ

ಪರ್ವರಿಯ ನಮ್ಮ ಮನೆಯ ನಡುಕೋಣೆಯಲ್ಲಿ, ಗೋಡೆಯ ತೇವವು ತಗುಲದಿರಲೆಂದು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸಿ ನಿಲ್ಲಿಸಿದ ಒಂದು ಕಬ್ಬಿಣದ ಕಪಾಟಿದೆ; ಅದರ ಕೆಳಗಿನ ಎರಡು ಅಂಕಣಗಳಲ್ಲಿ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡವಾದ 140 ಕ್ಯಾಸೆಟ್ಟುಗಳು, ಬೆನ್ನಿನ ಮೇಲೆ ತಮ್ಮ ತಮ್ಮ ಸಂಖ್ಯೆಯನ್ನು ಹೊತ್ತು ಸಾಲಾಗಿ ನಿಂತಿವೆ. 2003ರಿಂದ 2011ರವರೆಗೆ, ಅಧ್ಯಾಪನದಿಂದ ಬಿಡುವು ದೊರೆತ ಸಂಜೆಗಳಲ್ಲಿಯೂ ಭಾನುವಾರಗಳಲ್ಲಿಯೂ, ಮಿನಿ ಡಿವಿ ಜಾತಿಯ ಸಣ್ಣ ಕ್ಯಾಮರಾವೊಂದನ್ನು ಹೆಗಲಿಗೆ ಹಾಕಿಕೊಂಡು, ಗೋವೆಗೆ ದುಡಿಯಲು ಬಂದ ನಮ್ಮ ನಾಡಿನ ಜನರ ನಡುವೆ ಕುಳಿತು ನಾನು ಹಿಡಿದ ಹಾಡುಗಳೂ ಮಾತುಗಳೂ ಅವುಗಳಲ್ಲಿವೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಘಟ್ಟವಿಳಿದು ಬಂದು ಈ ನಾಡಿನ ಹೋಟೆಲುಗಳಿಗೂ ಬಂಗಲೆಗಳಿಗೂ ಕಲ್ಲು ಮಣ್ಣು ಹೊತ್ತ ಹೆಂಗಸರು, ವಾಸ್ಕೋದ ಸಮೀಪದ ಝುವಾರಿನಗರದಲ್ಲಿ ಚೌಡಿಕೆ ನುಡಿಸುತ್ತ ಎಲ್ಲಮ್ಮನ ಪದ ಹೇಳಿದವರು, ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಮೆಣಸಿನಕಾಯಿಯ ರಾಶಿಯ ಹಿಂದೆ ಕುಳಿತು ಊರಿನ ಬರಗಾಲದ ಕಥೆಯನ್ನು ವಿವರಿಸಿದ ಮುದುಕರು, ಇವರೆಲ್ಲರೂ ಆ ಎರಡು ಅಂಕಣಗಳಲ್ಲಿದ್ದಾರೆ. 1984ರಲ್ಲಿ ಶಿರಸಿಯಿಂದ ಬಂದು ಇಲ್ಲಿ ನೆಲೆಸಿದ ನನಗೆ, ಕಟ್ಟಡದ ಕೆಲಸ ಮುಗಿದ ಸಂಜೆಗಳಲ್ಲಿ ನೀಲಿ ತಾಡಪತ್ರಿಯ ಜೋಪಡಿಗಳಿಂದ ಕೇಳಿಬರುತ್ತಿದ್ದ ಕನ್ನಡವು, ಅದು ನನ್ನ ಸೀಮೆಯ ಕನ್ನಡವಲ್ಲದಿದ್ದರೂ, ಊರಿನ ದಾರಿಯನ್ನು ಬಹಳ ಹತ್ತಿರಕ್ಕೆ ತಂದುಕೊಡುತ್ತಿತ್ತು.

ಗೋವೆಯ ಮಳೆಗಾಲವನ್ನು ಬಲ್ಲವರಿಗೆ ಈ ಕಪಾಟಿನ ಚಿಂತೆ ಏನೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ, ಬಾಗಿಲುಗಳು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ, ಉಪ್ಪು ಭರಣಿಯಲ್ಲಿಯೇ ನೀರಾಗುತ್ತದೆ, ಚರ್ಮದ ಪಾದರಕ್ಷೆಗಳ ಮೇಲೆ ಒಂದೇ ವಾರದಲ್ಲಿ ಹಸುರು ಬೂಷ್ಟು ಹಬ್ಬುತ್ತದೆ. ಛಾಯಾಚಿತ್ರ ತೆಗೆಯುವವರು ತಮ್ಮ ಮಸೂರಗಳ ಒಳಗೆ ಬಿಳಿಯ ಬೇರುಗಳಂತೆ ಹರಡಿದ ಶಿಲೀಂಧ್ರವನ್ನು ಕಂಡು ನಿಟ್ಟುಸಿರಿಡುತ್ತಾರೆ. ಕ್ಯಾಸೆಟ್ಟಿನ ಫೀತೆಯೆಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಲೇಪವಷ್ಟೆ. ತೇವಾಂಶವು ಆ ಅಂಟನ್ನು ವರ್ಷವರ್ಷವೂ ಸಡಿಲಿಸುತ್ತದೆ, ಬೂಷ್ಟು ಅದರ ಅಂಚನ್ನು ಹಿಡಿಯುತ್ತದೆ. ಇನ್ನೊಂದು ಕಡೆ, ಅದನ್ನು ಓದುವ ಕ್ಯಾಮರಾಗಳೇ ತಯಾರಾಗದೆ, ಇದ್ದವುಗಳ ಗಾಲಿಗಳೂ ಪಟ್ಟಿಗಳೂ ಸವೆದು, ದುರಸ್ತಿ ಮಾಡುವ ಕೈಗಳೂ ಕಡಮೆಯಾಗುತ್ತಿವೆ. ಆದುದರಿಂದ ಆ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ಇರಿಸಬೇಕೆಂದು ನಾನು ನಿಶ್ಚಯಿಸಿದೆನು. ಆ ನಿಶ್ಚಯವು ನನ್ನನ್ನು ಎಷ್ಟು ದೂರ ಕರೆದೊಯ್ಯುವುದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಮಿನಿ ಡಿವಿಯ ಒಂದು ಗಂಟೆಯ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿದಾಗ ಸುಮಾರು 13 ಗಿಗಾಬೈಟ್ ಸ್ಥಳವನ್ನು ಆಕ್ರಮಿಸುತ್ತದೆ. ಇಳಿಸುವುದಕ್ಕೆ ಅವಸರದ ಮಾರ್ಗವಿಲ್ಲ. ಹಾಡಿದವರು ಒಂದು ಗಂಟೆ ಹಾಡಿದ್ದರೆ, ಇಳಿಸುವವನೂ ಒಂದು ಗಂಟೆ ಕುಳಿತು ಕೇಳಬೇಕು. ಇದನ್ನು ನಾನು ಆ ವ್ಯವಸ್ಥೆಯ ದೋಷವೆಂದು ಎಂದೂ ಎಣಿಸಿದವನಲ್ಲ. ಇಳಿಸುವ ತಂತಿಯ ಹೆಸರು ಫೈರ್‌ವೈರ್. 1995ರಲ್ಲಿ ಒಂದು ಅಂತರರಾಷ್ಟ್ರೀಯ ಮಾನಕವಾಗಿ ಸ್ಥಿರಗೊಂಡು, ಸೋನಿ ಸಂಸ್ಥೆಯ ಕ್ಯಾಮರಾಗಳಲ್ಲಿ ಐ ಲಿಂಕ್ ಎಂಬ ಹೆಸರನ್ನು ಪಡೆದು, ಆ ಕಾಲಕ್ಕೆ ಅಚ್ಚರಿಯೆನಿಸಿದ, ಸೆಕೆಂಡಿಗೆ 400 ಮೆಗಾಬಿಟ್ ವೇಗವನ್ನು ಹೊಂದಿದ್ದ ಈ ತಂತಿಯು, ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಹೊಸ ಕಂಪ್ಯೂಟರುಗಳಿಂದ ಮರೆಯಾಯಿತು. ಅದೊಂದು ತಂತಿಯ ಸಲುವಾಗಿಯೇ ನಾನು ಹಳೆಯ ಕಂಪ್ಯೂಟರೊಂದನ್ನು, ಮನೆಯವರ ಮಾತಿಗೆ ಎದುರಾಡದೆ ಆದರೆ ಮಣಿಯದೆ, ಮೇಜಿನ ಕೆಳಗೆ ಉಳಿಸಿಕೊಂಡು ಬಂದಿದ್ದೇನೆ.

ಮೊದಲು ಆ ಕ್ಯಾಸೆಟ್ಟುಗಳು 151 ಇದ್ದವು. 2011ರ ಕೊನೆಯಲ್ಲಿ, ಬೂಷ್ಟು ಬಹಳವಾಗಿ ಹಿಡಿದಿದ್ದ 11 ಕ್ಯಾಸೆಟ್ಟುಗಳನ್ನು ಎಲ್ಲಕ್ಕಿಂತ ಮುಂಚೆ ಒರೆಸಿ, ಓಡಿಸಿ, ಹೊಸದಾಗಿ ಕೊಂಡ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿದೆನು. ಇಳಿಸಿದ ಮೇಲೆ, ಇನ್ನು ಪ್ರತಿಯಿದೆಯಲ್ಲ ಎಂಬ ಧೈರ್ಯದಿಂದ, ಬೂಷ್ಟು ಉಳಿದವುಗಳಿಗೆ ಹರಡದಿರಲೆಂದು ಆ ಹನ್ನೊಂದನ್ನೂ ಎಸೆದುಬಿಟ್ಟೆನು. ಅವುಗಳಲ್ಲಿ ಏಳರಲ್ಲಿ ಇದ್ದವಳು ಒಬ್ಬಳೇ ಮುದುಕಿ. ರೋಣದ ಕಡೆಯಿಂದ ಬಂದು, ನಮ್ಮ ಮನೆಯ ಹಿಂದಿನ ದಿಬ್ಬದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಜಲ್ಲಿ ಹೊರುತ್ತಿದ್ದ ಮಗ ಸೊಸೆಯರ ಜೊತೆಗೆ ಮೊಮ್ಮಗುವನ್ನು ನೋಡಿಕೊಳ್ಳುತ್ತ ಇದ್ದ ಆಕೆಗೆ, ಬೀಸುಕಲ್ಲಿನ ಪದಗಳು ಎಷ್ಟು ಗೊತ್ತಿದ್ದುವೆಂಬುದು ಆಕೆಗೇ ತಿಳಿಯದು. ಜೋಳ ಬೀಸುವ ಕಲ್ಲು ಗೋವೆಯಲ್ಲಿ ಎಲ್ಲಿಂದ ಬರಬೇಕು, ಕೈಯನ್ನು ಮಾತ್ರ ಬೀಸುವಂತೆ ಗಾಳಿಯಲ್ಲಿ ಸುತ್ತಿಸುತ್ತ, ಕಣ್ಣು ಮುಚ್ಚಿಕೊಂಡು ಹಾಡುವಳು. 2012ರ ಜೂನಿನ ಒಂದು ರಾತ್ರಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಎದ್ದವನ ಕಾಲಿಗೆ ಜೋತುಬಿದ್ದಿದ್ದ ತಂತಿ ತೊಡರಿ, ಮೇಜಿನ ಅಂಚಿನಲ್ಲಿ ಲಂಬವಾಗಿ ನಿಲ್ಲಿಸಿದ್ದ ಆ ಪೆಟ್ಟಿಗೆ ನೆಲಕ್ಕೆ ಬಿತ್ತು. ಮತ್ತೆ ಜೋಡಿಸಿದಾಗ ಒಳಗಿನಿಂದ ಟಿಕ್, ಟಿಕ್ ಎಂದು, ಬಾಗಿಲು ತಟ್ಟಿ ಉತ್ತರ ಕಾಣದವರಂತೆ, ಒಂದೇ ಸಮನಾದ ಶಬ್ದವು ಬರತೊಡಗಿತು. ಬೆಂಗಳೂರಿನಲ್ಲಿ ಧೂಳಿಲ್ಲದ ಕೋಣೆಯೊಳಗೆ ಅದನ್ನು ಬಿಚ್ಚಿ ನೋಡಿದವರು, ತಟ್ಟೆಯ ಮೇಲಿನ ಲೇಪವೇ ಕೆರೆದುಹೋಗಿರುವುದೆಂದು ತಿಳಿಸಿ, ಕೂಲಿಯನ್ನು ತೆಗೆದುಕೊಳ್ಳದೆ ಮರಳಿಸಿದರು. ಅಷ್ಟು ಹೊತ್ತಿಗೆ ಆ ಮುದುಕಿ ಊರಿಗೆ ಮರಳಿ, ಅಲ್ಲಿ ತೀರಿಕೊಂಡು ಒಂದು ವರ್ಷವಾಗಿತ್ತು. ಧಾರವಾಡದ ಸ್ನೇಹಿತರೊಬ್ಬರಿಗೆ ನಾನು ಹಿಂದೆಯೇ ಕೇಳಲೆಂದು ಕಳುಹಿಸಿದ್ದ ಒಂದು ಸಿಡಿಯಲ್ಲಿ ಆಕೆಯ ಮೂರು ಪದಗಳು ಉಳಿದುಕೊಂಡಿದ್ದುವು. ನಾನು ಜೋಪಾನ ಮಾಡಿದುದೆಲ್ಲವೂ ಹೋಯಿತು, ಕೊಟ್ಟದ್ದಷ್ಟೇ ಉಳಿಯಿತು.

ಅಂದಿನಿಂದ ಹಾರ್ಡ್ ಡಿಸ್ಕೆಂಬ ವಸ್ತುವನ್ನು ನಾನು ಗೌರವದಿಂದಲೂ ಶಂಕೆಯಿಂದಲೂ ಅಭ್ಯಾಸ ಮಾಡಿದ್ದೇನೆ. ಅದರ ಗರ್ಭದಲ್ಲಿ ಗಾಜಿನ ಅಥವಾ ಅಲ್ಯುಮಿನಿಯಮಿನ ನುಣುಪಾದ ತಟ್ಟೆಗಳು, ಸಣ್ಣ ಜಾತಿಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು, ತಿರುಗುತ್ತಿರುತ್ತವೆ. ಬರೆಯುವ ಓದುವ ಶಿರವು ಆ ತಟ್ಟೆಯನ್ನು ಮುಟ್ಟದೆ, ಅದರ ವೇಗದಿಂದಲೇ ಹುಟ್ಟಿದ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತದೆ. ಮನುಷ್ಯನ ಒಂದು ಕೂದಲಿನ ದಪ್ಪವು ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರೆಂಬುದನ್ನು ನೆನೆದರೆ, ನನ್ನ ಕಾಲಿಗೆ ತೊಡರಿದ ಆ ತಂತಿಯು ಎಂಥ ಸೂಕ್ಷ್ಮವಾದ ತೂಗಾಟವನ್ನು ಕೆಡಿಸಿತೆಂಬುದು ಅರ್ಥವಾದೀತು. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊಟ್ಟಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದು, ಒಂದು ಟನ್ನಿನಷ್ಟು ಭಾರವಾದ ಆ ಯಂತ್ರವು ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಲೆಕ್ಕ ಹಾಕಿ ನೋಡಿದರೆ, ಆ ಮುದುಕಿಯ ಪದದ ಒಂದು ಸೆಕೆಂಡು ಮಾತ್ರ ಅದರಲ್ಲಿ ಹಿಡಿಸಿದೀತು. ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಆಕೆಯ ಎಲ್ಲ ಪದಗಳೂ ಹಿಡಿಸಿ ಇನ್ನೂ ಸ್ಥಳ ಉಳಿಯುವುದಕ್ಕೆ ಕಾರಣರಾದವರಲ್ಲಿ, 1988ರಲ್ಲಿ ತೆಳುಪದರಗಳ ಕಾಂತಗುಣವೊಂದನ್ನು ಬೇರೆ ಬೇರೆಯಾಗಿ ಕಂಡುಹಿಡಿದು 2007ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರ್ಯುನ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳನ್ನು ನಾನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಉಳಿದ 140 ಕ್ಯಾಸೆಟ್ಟುಗಳನ್ನು ಪೂರ್ತಿಯಾಗಿ ಇಳಿಸಿಯೇ ತೀರಬೇಕೆಂದು ಸಂಕಲ್ಪಿಸಿ, ನಾನು ಪಣಜಿಯ 18 ಜೂನ್ ರಸ್ತೆಯ ಒಂದು ಅಂಗಡಿಗೆ ಹೋದುದು ಕಳೆದ ಬೇಸಗೆಯ ಮಾತು. ಗಾಜಿನ ಪೆಟ್ಟಿಗೆಯ ಮೇಲೆ ಹುಡುಗನೊಬ್ಬನು ಏಳೆಂಟು ಬಗೆಗಳನ್ನು ಹರವಿಟ್ಟನು: ಎಸ್‌ಎಸ್‌ಡಿ ಎಂಬ, ತಿರುಗುವ ತಟ್ಟೆಯೇ ಇಲ್ಲದ, ಜೇಬಿನಲ್ಲಿ ಮರೆತುಹೋಗುವಷ್ಟು ಹಗುರವಾದವು, ತಟ್ಟೆಯುಳ್ಳ ಎರಡೂವರೆ ಅಂಗುಲದವು, ಗೋಡೆಯ ಪ್ಲಗ್ಗಿನಿಂದ ಬೇರೆಯಾಗಿ ಕರೆಂಟು ಬೇಡುವ ಮೂರೂವರೆ ಅಂಗುಲದವು. ನಾನು ಮೊದಲು ಕೊಂಕಣಿಯಲ್ಲಿ ಮಾತನಾಡಿದೆನು. ಹಣ ಎಣಿಸುತ್ತ ಬಾಯಲ್ಲಿ ಕನ್ನಡದ ಅಂಕಿ ಬಂದುದನ್ನು ಕೇಳಿ ಹುಡುಗನ ಮುಖವರಳಿತು. ಗಜೇಂದ್ರಗಡದ ಕಡೆಯವನಂತೆ. ನಾನು ಎಲ್ಲಕ್ಕಿಂತ ವೇಗವಾದುದರ ಕಡೆಗೆ ಕೈ ಚಾಚಿದಾಗ ಅವನು ಅದನ್ನು ಕೊಡದೆ ಕೇಳಿದನು:

"ಸರ್ರ, ಒಂದು ಮಾತು ಕೇಳ್ಲೇನ್ರಿ? ಇದು ನಿಮಗ ದುಡಿಯಾಕ ಬೇಕೋ, ಇಡಾಕ ಬೇಕೋ?"

ನಾನು ಓದಿದ ಎಷ್ಟೋ ತಾಂತ್ರಿಕ ವಿವರಣೆಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಇಟ್ಟಿರಲಿಲ್ಲ. ಅಂಗಡಿಯ ಒಡೆಯನಿಗೆ ಲಾಭ ತರಬಹುದಾಗಿದ್ದ ಮಾರಾಟವನ್ನು ತಡೆದು ಅವನು ಅದನ್ನು ಕೇಳಿದನೆಂಬುದನ್ನೂ ಇಲ್ಲಿ ದಾಖಲಿಸಬೇಕೆನಿಸುತ್ತದೆ.

ಚಿತ್ರಗಳನ್ನು ಕತ್ತರಿಸಿ ಜೋಡಿಸುವಾಗ, ಒಂದು ಕಡತದಿಂದ ಇನ್ನೊಂದಕ್ಕೆ ಕ್ಷಣಕ್ಷಣಕ್ಕೂ ಜಿಗಿಯುವಾಗ, ಎಸ್‌ಎಸ್‌ಡಿಗೆ ಸಮಾನವಾದುದಿಲ್ಲ. ಬಿದ್ದರೂ ಅದಕ್ಕೆ ತಟ್ಟೆಯಂತೆ ಪೆಟ್ಟಾಗದು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಓಕಾ ಎಂಬ ಎಂಜಿನಿಯರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಕೋಶಗಳಲ್ಲಿ ವಿದ್ಯುತ್ಕಣಗಳನ್ನು ಸೆರೆಹಿಡಿದು ಅದು ನಮ್ಮ ಮಾತನ್ನು ನೆನಪಿಡುತ್ತದೆ. ಆದರೆ ಸೆರೆ ಪೂರ್ಣವಾದುದಲ್ಲ. ವರ್ಷಗಟ್ಟಲೆ ಕರೆಂಟಿನ ಸಂಪರ್ಕವಿಲ್ಲದೆ ಕಪಾಟಿನಲ್ಲಿ ಬಿದ್ದಿದ್ದರೆ ಆ ಕಣಗಳು ಮೆಲ್ಲಮೆಲ್ಲನೆ ಸೋರಿಹೋಗುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ತಟ್ಟೆಯುಳ್ಳ ಡಿಸ್ಕು ನಿಧಾನವಾದರೂ, ಬೀಳದಂತೆ ಕಾಪಾಡಿದರೆ, ಕಪಾಟಿನ ಮೌನವನ್ನು ಅದಕ್ಕಿಂತ ಹೆಚ್ಚು ಕಾಲ ಸಹಿಸುತ್ತದೆ. ಅದೇ ಹಣಕ್ಕೆ ಹಲವು ಪಾಲು ಹೆಚ್ಚು ಸ್ಥಳವನ್ನೂ ಕೊಡುತ್ತದೆ. ಹುಡುಗನು ಇನ್ನೊಂದು ಮಾತನ್ನೂ ಹೇಳಿದನು: ಹೆಚ್ಚು ಹಿಡಿಸುವ ಎರಡೂವರೆ ಅಂಗುಲದ ಡಿಸ್ಕುಗಳಲ್ಲಿ ಬಹುಪಾಲು, ತಮ್ಮ ಬರವಣಿಗೆಯ ಸಾಲುಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ಬರೆಯುತ್ತವೆಯಾದ ಕಾರಣ, ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಸುತ್ತಲಿನವನ್ನೂ ಎತ್ತಿ ಮತ್ತೆ ಹೊದಿಸಬೇಕಾಗುತ್ತದೆ, ದಿನವೂ ಅಳಿಸಿ ಬರೆಯುವವರಿಗೆ ಅದು ತೊಡಕು, ಒಮ್ಮೆ ಬರೆದು ಇಡುವವರಿಗೆ ಬಾಧಕವಿಲ್ಲ. ಮೂರೂವರೆ ಅಂಗುಲದವು ಗಾತ್ರದಲ್ಲಿಯೂ ವೇಗದಲ್ಲಿಯೂ ಮೇಲಾದರೂ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮ ದಿಬ್ಬಕ್ಕೆ, ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ತನಗೆ ಬೇಕಾದ ಶಕ್ತಿಯನ್ನು ಒಂದೇ ತಂತಿಯ ಮೂಲಕ ಪಡೆದುಕೊಳ್ಳುವ ಸಣ್ಣದೇ ಯುಕ್ತವೆಂದು ತೋರಿತು.

ಹೀಗೆ ದುಡಿಯುವುದಕ್ಕೆ 1 ಟೆರಾಬೈಟಿನ ಒಂದು ಎಸ್‌ಎಸ್‌ಡಿಯನ್ನೂ, ಇಡುವುದಕ್ಕೆ 4 ಟೆರಾಬೈಟಿನ ಮೂರು ಹಾರ್ಡ್ ಡಿಸ್ಕುಗಳನ್ನೂ ಕೊಂಡೆನು. ಮೂರೇಕೆ ಎಂದು ಮನೆಯಲ್ಲಿ ಕೇಳಿದರು. ಅದಕ್ಕೆ ಉತ್ತರವನ್ನು ನಾನು ಕಲಿತದ್ದು ಗೋವೆಯ ಇತಿಹಾಸದಿಂದ.

ಪಣಜಿಯಲ್ಲಿರುವ ಸರಕಾರದ ಪುರಾಭಿಲೇಖಾಗಾರದ ಮೂಲವು 1595ಕ್ಕೆ ಹೋಗುತ್ತದೆ. ಪೋರ್ಚುಗೀಸರ ಪೂರ್ವರಾಜ್ಯದ ಕಾಗದಪತ್ರಗಳನ್ನು ಒಂದೆಡೆ ಕಾಪಾಡಲೆಂದು ಅದು ಸ್ಥಾಪಿತವಾದಾಗ ಅದರ ಮೊದಲ ಪಾಲಕನಾಗಿ ನಿಯಮಿತನಾದವನು ದಿಯೋಗೋ ದೊ ಕೋತೋ ಎಂಬ ಇತಿಹಾಸಕಾರ. ಅಲ್ಲಿ ಮಾನ್ಸೂನಿನ ಹೆಸರನ್ನೇ ಹೊತ್ತ ಗ್ರಂಥಮಾಲಿಕೆಯೊಂದಿದೆ: ಮಳೆಗಾಲದ ಮಾರುತವನ್ನು ಅನುಸರಿಸಿ ವರ್ಷಕ್ಕೊಮ್ಮೆ ಲಿಸ್ಬನ್ನಿಗೂ ಗೋವೆಗೂ ನಡುವೆ ಓಡಾಡುತ್ತಿದ್ದ ಹಡಗುಗಳಲ್ಲಿ ಬಂದ, ಹೋದ ರಾಜಪತ್ರಗಳ ಸಂಪುಟಗಳವು. ಆಫ್ರಿಕದ ತುದಿಯನ್ನು ಸುತ್ತಿ ಬರುವ ಆ ದೀರ್ಘಯಾನದಲ್ಲಿ ಹಡಗುಗಳು ಮುಳುಗುವುದೂ ಶತ್ರುಗಳ ಕೈಸೇರುವುದೂ ಸಾಮಾನ್ಯವಾಗಿದ್ದುದರಿಂದ, ಮುಖ್ಯವಾದ ಪತ್ರವನ್ನು ಒಂದೇ ಹಡಗಿಗೆ ಅವರು ಎಂದೂ ಒಪ್ಪಿಸುತ್ತಿರಲಿಲ್ಲ. ಅದೇ ಪತ್ರದ ಎರಡು, ಮೂರು ಪ್ರತಿಗಳನ್ನು ಬರೆಯಿಸಿ, ಮೊದಲನೆಯ ವಿಯಾ, ಎರಡನೆಯ ವಿಯಾ ಎಂದು ನೆತ್ತಿಯ ಮೇಲೆ ಗುರುತು ಹಾಕಿ, ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ವಿಯಾ ಎಂದರೆ ಮಾರ್ಗ. ಪ್ರತಿಯನ್ನು ಮಾರ್ಗವೆಂದು ಕರೆದ ಆ ಗುಮಾಸ್ತರ ಶಬ್ದಪ್ರಯೋಗವು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಏಕೆಂದರೆ ಒಂದೇ ಕಪಾಟಿನಲ್ಲಿಟ್ಟ ಮೂರು ಪ್ರತಿಗಳು ಮಾರ್ಗಗಳಾಗಲಾರವು, ಒಂದೇ ಹಡಗಿನ ಮೂರು ಸಂಚಿಗಳಷ್ಟೆ. ಪೋರ್ಚುಗೀಸ್ ಭಾಷೆಯಲ್ಲಿ ಇಂದಿಗೂ ದಸ್ತಾವೇಜಿನ ನಕಲಿಗೆ ಎರಡನೆಯ ವಿಯಾ ಎಂದೇ ಹೆಸರು.

ಈ ಪದ್ಧತಿಯ ಬೆಲೆಯನ್ನು ಕೋತೋ ತನ್ನ ಸ್ವಂತ ಬಾಳಿನಲ್ಲಿಯೇ ಅರಿತವನು. ಏಷ್ಯದಲ್ಲಿ ಪೋರ್ಚುಗೀಸರ ಚರಿತ್ರೆಯನ್ನು ದಶಕಗಳೆಂಬ ಹೆಸರಿನ ಸಂಪುಟಗಳಾಗಿ ಬರೆದ ಅವನು ರೋಗದಿಂದ ಮಲಗಿದ್ದಾಗ, ಎಂಟನೆಯ ಮತ್ತು ಒಂಬತ್ತನೆಯ ಸಂಪುಟಗಳ ಹಸ್ತಪ್ರತಿಗಳು ಕಳುವಾದವು; ಪ್ರತಿಗಳಿರಲಿಲ್ಲ; ವೃದ್ಧನಾದ ಅವನು ನೆನಪಿನಿಂದ ಅವುಗಳನ್ನು ಮತ್ತೆ ಸಂಗ್ರಹವಾಗಿ ಬರೆಯಬೇಕಾಯಿತು. ಒಂದು ಸಾಮ್ರಾಜ್ಯದ ಕಾಗದಗಳ ಪಾಲಕನೇ ತನ್ನ ಕಾಗದಗಳನ್ನು ಕಳೆದುಕೊಂಡು, 1616ರಲ್ಲಿ ಸಾಯುವ ಮುನ್ನ ಮಂದ ದೀಪದ ಮುಂದೆ ಕುಳಿತು ನೆನಪನ್ನು ತಡಕುತ್ತಿರುವ ಚಿತ್ರವನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ಕಂಡಿದ್ದೇನೆ. ಅದೇ 1616ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ಕ್ರಿಸ್ತಪುರಾಣವು, 1649 ಮತ್ತು 1654ರಲ್ಲಿ ಮತ್ತೆ ಅಚ್ಚಾದರೂ, ಆ ಮೂರು ಮುದ್ರಣಗಳ ಪ್ರತಿಯೊಂದೂ ಇಂದು ಕಾಣಸಿಗುವುದಿಲ್ಲ. ಗ್ರಂಥವು ಉಳಿದು, 1907ರಲ್ಲಿ ನಮ್ಮ ಮಂಗಳೂರಿನಲ್ಲಿ ಮತ್ತೆ ಮುದ್ರಿತವಾದುದು, ಭಕ್ತರು ಮನೆಮನೆಗಳಲ್ಲಿ ಕೈಯಿಂದ ನಕಲು ಮಾಡಿಟ್ಟುಕೊಂಡ ಪ್ರತಿಗಳ ದೆಸೆಯಿಂದ. ಆದುದರಿಂದ ನನ್ನ ಮೂರು ಡಿಸ್ಕುಗಳನ್ನು ಒಂದೇ ಕಾರ್ಖಾನೆಯ ಒಂದೇ ದೋಷಕ್ಕೆ ಗುರಿಯಾಗದಿರಲೆಂದು ಬೇರೆ ಬೇರೆ ತಯಾರಕರಿಂದ ಆರಿಸಿ, ಒಂದು ಪರ್ವರಿಯಲ್ಲಿ, ಒಂದು ಮಡಗಾಂವಿಯ ಸ್ನೇಹಿತರ ಮನೆಯಲ್ಲಿ, ಒಂದು ಘಟ್ಟದ ಮೇಲೆ, ಗಾಳಿ ಇಷ್ಟು ತೇವವಾಗಿರದ ಧಾರವಾಡದಲ್ಲಿ ಇರತಕ್ಕದ್ದೆಂದು ಗೊತ್ತುಮಾಡಿದೆನು.

ಇನ್ನು ತಂತಿಯ ವಿಚಾರ. 1990ರ ದಶಕದ ಕಂಪ್ಯೂಟರುಗಳ ಹಿಂಭಾಗವನ್ನು ಕಂಡವರಿಗೆ ನೆನಪಿರಬಹುದು: ಮುದ್ರಕಕ್ಕೆ ಒಂದು ಅಗಲವಾದ ಬಾಯಿ, ಕೀಲಿಮಣೆಗೆ ಒಂದು ದುಂಡಗಿನದು, ಇಲಿಗೆ ಇನ್ನೊಂದು. ಇವುಗಳಿಗೆಲ್ಲ ಒಂದೇ ಬಾಯಿ ಸಾಕಾಗಬೇಕೆಂದು ಪ್ರಯತ್ನಪಟ್ಟವರಲ್ಲಿ ಪ್ರಮುಖರು ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಕಲಿತು ಅಮೆರಿಕದ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್. 1996ರಲ್ಲಿ ಹೊರಬಂದ ಆ ಯುಎಸ್‌ಬಿಯ ವೇಗವು ಸೆಕೆಂಡಿಗೆ 12 ಮೆಗಾಬಿಟ್, 2000ದ ಎರಡನೆಯ ಆವೃತ್ತಿಯಲ್ಲಿ 480, 2008ರ ಮೂರನೆಯದರಲ್ಲಿ 5 ಗಿಗಾಬಿಟ್, 2013ರಲ್ಲಿ 10, ಥಂಡರ್‌ಬೋಲ್ಟ್ ಎಂಬ ಬೇರೊಂದು ವಂಶದ ತಂತಿಯು 2015ರ ವೇಳೆಗೆ 40ನ್ನು ಮುಟ್ಟಿತ್ತು. ಈ ಅಂಕಿಗಳು ಬಿಟ್ಟಿನ ಲೆಕ್ಕದಲ್ಲಿವೆಯೆಂದೂ, ನಮ್ಮ ಕಡತಗಳ ಗಾತ್ರ ಬೈಟಿನ ಲೆಕ್ಕದಲ್ಲಿದೆಯೆಂದೂ, ಎಂಟು ಬಿಟ್ಟುಗಳು ಸೇರಿ ಒಂದು ಬೈಟೆಂದೂ ತಿಳಿಯದೆ ಮೋಸಹೋದೆನೆಂದು ಕೊರಗುವವರು ಅನೇಕರು. ನನ್ನ 140 ಕ್ಯಾಸೆಟ್ಟುಗಳ ಒಟ್ಟು 1820 ಗಿಗಾಬೈಟನ್ನು ಹಳೆಯ ಎರಡನೆಯ ಯುಎಸ್‌ಬಿಯ ಮೂಲಕ, ಸೆಕೆಂಡಿಗೆ ಅದು ವಾಸ್ತವವಾಗಿ ಸಾಗಿಸುವ 35 ಮೆಗಾಬೈಟಿನ ವೇಗದಲ್ಲಿ, ನಕಲು ಮಾಡಲು ಹದಿನಾಲ್ಕು ಗಂಟೆಗೂ ಮಿಕ್ಕಿದ ಕಾಲ ಬೇಕು. ಮೂರನೆಯದರಲ್ಲಿ, ತಟ್ಟೆಯ ಡಿಸ್ಕು ಸೆಕೆಂಡಿಗೆ 120 ಮೆಗಾಬೈಟ್ ಬರೆಯುವುದಾದರೆ, ನಾಲ್ಕು ಗಂಟೆಯ ಮೇಲೆ ಸ್ವಲ್ಪ. ಆದರೆ ಅದೇ ತಟ್ಟೆಯ ಡಿಸ್ಕಿಗೆ ಥಂಡರ್‌ಬೋಲ್ಟನ್ನು ಜೋಡಿಸಿದರೆ? ಆಗಲೂ ನಾಲ್ಕು ಗಂಟೆಯೇ. ರಿಬಂದರಿನಿಂದ ಚೋಡಣ ದ್ವೀಪಕ್ಕೆ ದಾಟಲು ಕಾದವರಿಗೆ ಇದು ಗೊತ್ತಿರುವ ಸಂಗತಿ. ಧಕ್ಕೆಗೆ ಬರುವ ರಸ್ತೆಯನ್ನು ಎಷ್ಟು ಅಗಲ ಮಾಡಿದರೂ, ಫೆರಿಯ ಮೇಲೆ ಹಿಡಿಸುವಷ್ಟು ಗಾಡಿಗಳೇ ಒಂದು ಸಲಕ್ಕೆ ಆಚೆ ದಡ ಸೇರುವುವು. ವೇಗದ ತಂತಿಗೆ ಹಣ ತೆರುವುದು ಎಸ್‌ಎಸ್‌ಡಿಗೆ ಸಾರ್ಥಕ. ತಟ್ಟೆಗೆ 2008ರ ತಂತಿಯೇ ಧಾರಾಳವಾಯಿತು.

ತಂತಿಯ ತುದಿಯ ಆಕಾರವನ್ನು ನೋಡಿ ವೇಗವನ್ನು ನಂಬಬಾರದೆಂಬುದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಎರಡು ಮಗ್ಗುಲಾಗಿಯೂ ಸೇರುವ ಟೈಪ್ ಸಿ ಎಂಬ ಚಿಕ್ಕ ತುದಿಯು ಈಗ ಎಲ್ಲೆಡೆ ಇದೆ; ಆದರೆ ಮೊಬೈಲಿನ ಚಾರ್ಜರಿನ ಜೊತೆ ಬರುವ ಅದೇ ತುದಿಯ ಎಷ್ಟೋ ತಂತಿಗಳ ಒಳಗಿರುವುದು 2000ದ ಇಸವಿಯ ವೇಗವೇ. ಅದರ ಮೇಲೆ ಹೆಸರುಗಳ ಗೊಂದಲ: ಮೂರನೆಯ ಯುಎಸ್‌ಬಿಗೆ ಮುಂದೆ ಮೂರು ದಶಮ ಒಂದು, ಒಂದನೆಯ ಪೀಳಿಗೆಯೆಂದೂ, ಅನಂತರ ಮೂರು ದಶಮ ಎರಡು, ಒಂದನೆಯ ಪೀಳಿಗೆಯೆಂದೂ ಮರುನಾಮಕರಣವಾಯಿತು. ವೇಗ ಮಾತ್ರ ಅದೇ 5 ಗಿಗಾಬಿಟ್. ಕೊಳ್ಳುವವರು ಹೆಸರನ್ನು ಬದಿಗಿಟ್ಟು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಗಿಗಾಬಿಟ್ಟಿನ ಅಂಕಿಯನ್ನು ಓದಿಕೊಳ್ಳುವುದು ಕ್ಷೇಮ.

ವೇಗವೆಲ್ಲ ಸರಿಹೋದ ಮೇಲೆಯೂ ಒಂದು ವಿಘ್ನ ಬಂದಿತು. ಮೊದಲ ಕ್ಯಾಸೆಟ್ಟಿನ 13 ಗಿಗಾಬೈಟಿನ ಕಡತವನ್ನು ಮನೆಯಲ್ಲಿ ಬಿದ್ದಿದ್ದ ಹಳೆಯ ಡಿಸ್ಕೊಂದಕ್ಕೆ ಪರೀಕ್ಷೆಗೆಂದು ಹಾಕಿದಾಗ, ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದ ಆ ಡಿಸ್ಕು ಕಡತವು ತೀರ ದೊಡ್ಡದೆಂದು ನಿರಾಕರಿಸಿತು. ಅದನ್ನು ಫ್ಯಾಟ್ 32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಲಾಗಿತ್ತು. ಆ ಕ್ರಮದ ದಫ್ತರಿನಲ್ಲಿ ಒಂದು ಕಡತದ ಗಾತ್ರವನ್ನು ಬರೆಯಲು 32 ಬಿಟ್ಟುಗಳ ಅವಕಾಶ ಮಾತ್ರವಿರುವುದರಿಂದ, 4 ಗಿಗಾಬೈಟನ್ನು ಮೀರಿದ ಕಡತವನ್ನು ಅದು ಬರೆದುಕೊಳ್ಳಲಾರದು. ಎಕ್ಸ್‌ಫ್ಯಾಟ್ ಎಂಬ, 2006ರಲ್ಲಿ ಬಂದ ಕ್ರಮದಲ್ಲಿ ಈ ಮಿತಿಯಿಲ್ಲ. ಇಂದಿನ ಕಂಪ್ಯೂಟರುಗಳೆಲ್ಲವೂ, ಅವು ಯಾವ ಮತದವಾದರೂ, ಅದನ್ನು ಓದಬಲ್ಲವು. ಎಲ್ಲರೂ ಓದಬಲ್ಲ ಕ್ರಮವನ್ನು ಆರಿಸಿಕೊಳ್ಳಬೇಕೆಂಬ ಎಚ್ಚರವನ್ನು ನನಗೆ ಕಲಿಸಿದುದು ಗೋಯಕಾನಡಿ. ಕದಂಬರ ಕಾಲದ ಗೋವೆಯಲ್ಲಿ ನಮ್ಮ ಕನ್ನಡ ಲಿಪಿಯ ನಂಟಿನಿಂದ ಬೆಳೆದು, ಕೊಂಕಣಿ ಮರಾಠಿಗಳ ಬರವಣಿಗೆಗೆ ಶತಮಾನಗಳ ಕಾಲ ಬಳಕೆಯಾದ ಆ ಲಿಪಿಯ ಕಾಗದಗಳು ಹುಳು ತಿನ್ನದೆ ಉಳಿದಿದ್ದರೂ, ಅವನ್ನು ಸರಾಗವಾಗಿ ಓದಬಲ್ಲವರು ಇಂದು ವಿರಳ. ಅದರ ಒಂದು ಪುಟವನ್ನು ಮೊದಲ ಸಲ ಕಂಡಾಗ, ಪರಿಚಿತವಾದ ಮುಖವೊಂದು ಜನಜಂಗುಳಿಯಲ್ಲಿ ಕಂಡು, ಹೆಸರು ನೆನಪಾಗುವ ಮೊದಲೇ ಮರೆಯಾದಂತಾಗಿ, ನಾನು ಬಹಳ ಹೊತ್ತು ಅದರ ಮುಂದೆ ನಿಂತಿದ್ದೆನು.

ನಕಲು ನಡೆದುದು ಜೂನ್ ತಿಂಗಳಿನ ಎರಡು ರಾತ್ರಿಗಳಲ್ಲಿ. ಈ ಸಲ ಡಿಸ್ಕನ್ನು ಮೇಜಿನ ಅಂಚಿನಿಂದ ದೂರ, ಅಗಲವಾದ ಮಗ್ಗುಲಿನ ಮೇಲೆ ಮಲಗಿಸಿ, ತಂತಿಯನ್ನು ಮೇಜಿನ ಕಾಲಿಗೆ ಒಂದು ಸುತ್ತು ಕಟ್ಟಿ ಕುಳಿತೆನು. ಓಲೆಗರಿಯ ಕಟ್ಟುಗಳ ಕೊನೆಯಲ್ಲಿ ಲಿಪಿಕಾರರು ಎಣ್ಣೆಯಿಂದಲೂ ನೀರಿನಿಂದಲೂ ಗ್ರಂಥವನ್ನು ಕಾಪಾಡಬೇಕೆಂದು ಬೇಡುವಾಗ, ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಸೇರಿಸುವ ಸಂಪ್ರದಾಯವುಂಟು. ಅದು ಏಕೆಂದು 2012ರ ತನಕ ನನಗೆ ಹೊಳೆದಿರಲಿಲ್ಲ. ನಕಲು ಮುಗಿದ ಮೇಲೆ, ಪ್ರತಿಯೊಂದು ಕಡತದ ಬಿಟ್ಟುಗಳನ್ನೆಲ್ಲ ಒಂದು ಗಣಿತಸೂತ್ರದ ಮೂಲಕ ಹಾಯಿಸಿ ಪಡೆದ ಸಂಖ್ಯೆಯನ್ನು, ಒಂದೇ ಒಂದು ಬಿಟ್ಟು ಬದಲಾದರೂ ಬೇರೆಯಾಗಿಬಿಡುವ ಆ ಮುದ್ರೆಯನ್ನು, ಮೂಲದೊಡನೆಯೂ ಪ್ರತಿಯೊಡನೆಯೂ ಹೋಲಿಸಿ, 140ರ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿದೆನು.

ಧಾರವಾಡದಲ್ಲಿ ಓದುತ್ತಿರುವ ತಂಗಿಯ ಮಗನು ರಜೆಗೆ ಬಂದಿದ್ದವನು ಹೊರಟು ನಿಂತಾಗ, ಗಾಳಿಯಾಡದ ಉಕ್ಕಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ನಾಲ್ಕು ಚೀಟಿಗಳ ನಡುವೆ ಡಿಸ್ಕನ್ನಿಟ್ಟು, ಅದರ ಜೊತೆಗೆ ಅದರದೇ ತಂತಿಯನ್ನು ಸುತ್ತಿ ಹತ್ತಿಯ ದಾರದಿಂದ ಕಟ್ಟಿ, ಪಟ್ಟಿಯನ್ನು ಮಡಿಸಿ ಮೇಲಿಟ್ಟು ಕೊಟ್ಟೆನು. ವರ್ಷಕ್ಕೊಮ್ಮೆ ಜೋಡಿಸಿ ತಿರುಗಿಸಬೇಕು, ಐದಾರು ವರ್ಷವಾದೊಡನೆ ಹೊಸತಕ್ಕೆ ನಕಲು ಮಾಡಬೇಕು ಎಂದೆನು. "ಆಗಲಿ ಮಾವ, ನೀವೇನೂ ಚಿಂತೆ ಮಾಡಬೇಡಿ, ಮಡಿಲಲ್ಲೇ ಇಟ್ಟುಕೊಂಡು ಹೋಗ್ತೇನೆ" ಎಂದನು. ಬಸ್ಸು ಮಾಂಡೋವಿಯ ಸೇತುವೆಯ ಕಡೆಗೆ, ಎಂದರೆ ನಮ್ಮ ಮಹದಾಯಿಯೇ ಹೆಸರು ಬದಲಿಸಿಕೊಂಡು ಕಡಲು ಸೇರುವ ಆ ಅಗಲವಾದ ನೀರಿನ ಕಡೆಗೆ ಇಳಿದು ಹೋಯಿತು. ಅನಮೋಡ ಘಟ್ಟದಲ್ಲಿ ಮಣ್ಣು ಜರಿದಿದೆಯೆಂಬ ಸುದ್ದಿಯಿದ್ದುದರಿಂದ, ಅವನು ಮುಟ್ಟಿದೆನೆಂದು ಹೇಳುವವರೆಗೆ ನನಗೆ ನಿದ್ರೆ ಬರಲಿಲ್ಲ.

ನಾಲ್ಕನೆಯ ದಿನ ರಾತ್ರಿ ಫೋನು ಬಂದಿತು. 140 ಮುದ್ರೆಗಳೂ ಪಟ್ಟಿಯೊಡನೆ ಸರಿಯಾಗಿ ತಾಳೆಯಾದುವೆಂದು ಹೇಳಿ, ಅವನು ಒಂದು ಕ್ಷಣ ತಡೆದನು.

"ಮಾವ, 27ನೆಯದನ್ನು ಕೇಳ್ತಾ ಇದ್ದೆ. ಇಬ್ಬರು ಹೆಂಗಸರು ಹಾಡ್ತಾರಲ್ಲ, ಅದು. ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಹಿಂದೆ ಒಂದು ಪಟಪಟ ಸದ್ದು ಇದೆ. ಟೇಪು ಕೆಟ್ಟಿದೆಯೋ, ನಕಲು ಮಾಡುವಾಗ ಏನಾದರೂ ಆಯಿತೋ?"

"ಇಲ್ಲವಪ್ಪ," ಎಂದೆನು. "ಅದು ಮಳೆ. ಅವರ ಜೋಪಡಿಯ ತಾಡಪತ್ರಿಯ ಮೇಲೆ ಬೀಳ್ತಾ ಇದ್ದ ಮಳೆ."